ಅಲುಗದ ಮೇಜು: ಮರಗೆಲಸಕ್ಕೆ ಮನೆಯಲ್ಲೇ ಕಟ್ಟಿಕೊಂಡ ಬಗೆ

ಮರವನ್ನು ಹೆರೆದು ನಯಗೊಳಿಸುವ ಹತ್ತರಿ ಹೊಡೆಯುವಾಗ ಮೇಜು ಅಲುಗಿದರೆ ಕೈಯ ಬಲ ಮರಕ್ಕೆ ತಲುಪದೆ ಮೇಜಿನ ಕಾಲುಗಳಲ್ಲೇ ಸೋರಿಹೋಗುತ್ತದೆ. ಊಟದ ಮೇಜು, ಬರೆಯುವ ಮೇಜು, ಮಡಚುವ ಕಾಲಿನ ಹಲಗೆ ಎಲ್ಲದರ ಮೇಲೂ ಕೆಲಸ ಮಾಡಿ ನೋಡಿದ್ದೇನೆ. ಅವು ಮೇಲಿನಿಂದ ಬೀಳುವ ಭಾರವನ್ನು ಹೊರಲು ಮಾಡಿದವು. ಮರಗೆಲಸದಲ್ಲಿ ಎದುರಾಗುವುದು ಅಡ್ಡಕ್ಕೆ ತಳ್ಳುವ ಬಲ. ಹಾಗಾಗಿ ನನ್ನದೇ ಮೇಜು ಕಟ್ಟಲು ಹೊರಟಾಗ ಹಾಕಿಕೊಂಡ ಷರತ್ತು ಒಂದೇ: ಉದ್ದಕ್ಕೆ ತಳ್ಳಿದರೂ ಅಗಲಕ್ಕೆ ತಳ್ಳಿದರೂ ಅದು ಅಲುಗಕೂಡದು.

ಎತ್ತರವನ್ನು ನನ್ನ ಮೈಯಿಂದಲೇ ಅಳೆದುಕೊಂಡೆ. ನೆಟ್ಟಗೆ ನಿಂತು ತೋಳು ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಲ್ಲಿಗೆ ಮೇಜಿನ ಮೇಲ್ಮೈ ಬರಬೇಕು. ನನಗೆ ಅದು 84 ಸೆಂ.ಮೀ. ಈ ಮಟ್ಟದಲ್ಲಿ ಹತ್ತರಿಯನ್ನು ಕಾಲು ಮತ್ತು ಸೊಂಟದ ಬಲದಿಂದ ತಳ್ಳಬಹುದು. ಮೇಜು ಎತ್ತರವಾದಷ್ಟೂ ಭಾರವೆಲ್ಲ ಭುಜಕ್ಕೇ ಬರುತ್ತದೆ. ಸಣ್ಣ ಗರಗಸದ ಕೆಲಸಕ್ಕೆ, ಗುರುತು ಹಾಕುವುದಕ್ಕೆ ಇನ್ನೂ ಎತ್ತರ ಬೇಕೆನಿಸುವುದು ನಿಜ. ಅದಕ್ಕೆ ಮೇಜಿನ ಮೇಲೆ ಇಟ್ಟು ಬಿಗಿಯುವ ಪುಟ್ಟ ಪೀಠವೊಂದನ್ನು ಬೇರೆಯಾಗಿ ಮಾಡಿಕೊಂಡೆ.

ಮೇಲ್ಹಲಗೆಗೆ ಗಟ್ಟಿ ಮರವೇ ಆಗಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಲಗೆ ಬಾಗದಿರುವುದಕ್ಕೆ ಮರದ ಜಾತಿಗಿಂತ ದಪ್ಪವೇ ಹೆಚ್ಚು ಮುಖ್ಯ: ದಪ್ಪ ಎರಡರಷ್ಟಾದರೆ ಬಿಗುವು ಎಂಟರಷ್ಟಾಗುತ್ತದೆ. ಜೊತೆಗೆ, ಮೆತ್ತನೆಯ ಮೇಜಿಗೆ ಕೆಲಸದ ಮರ ತಗುಲಿದರೆ ಏಟು ಬೀಳುವುದು ಮೇಜಿಗೆ, ಕೆಲಸದ ಮರಕ್ಕಲ್ಲ. ಚೆನ್ನಾಗಿ ಒಣಗಿದ ಪೈನ್ ಹಲಗೆಗಳನ್ನೇ ಆರಿಸಿಕೊಂಡೆ. 40 ಮಿ.ಮೀ. ದಪ್ಪದ, 100 ಮಿ.ಮೀ. ಅಗಲದ 15 ಹಲಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಮುಖಕ್ಕೆ ಮುಖ ಸೇರಿಸಿ ಅಂಟಿಸಿದೆ. ಹೀಗೆ ನಿಲ್ಲಿಸುವುದರಲ್ಲಿ ದಪ್ಪಕ್ಕಿಂತಲೂ ದೊಡ್ಡ ಲಾಭವೊಂದಿದೆ. ಮರ ಹಿಗ್ಗುವುದು, ಕುಗ್ಗುವುದು ಬೆಳವಣಿಗೆಯ ಉಂಗುರಗಳ ಗುಂಟ ಹೆಚ್ಚು. ಉಂಗುರಗಳಿಗೆ ಅಡ್ಡವಾಗಿ ಅದರ ಸುಮಾರು ಅರ್ಧ ಮಾತ್ರ. ಸಾಮಾನ್ಯ ಕೊಯ್ತದ, ಅಂದರೆ ಉಂಗುರಗಳು ಅಗಲದ ಗುಂಟ ಸಾಗುವ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಹೆಚ್ಚು ಹಿಗ್ಗುವ ದಿಕ್ಕು ಮೇಜಿನ ದಪ್ಪಕ್ಕೆ ಹೋಗುತ್ತದೆ, ಅಗಲ ಹೆಚ್ಚು ಕದಲುವುದಿಲ್ಲ.

ಎಲ್ಲವನ್ನೂ ಒಂದೇ ಸಲ ಅಂಟಿಸಲು ಹೋಗಲಿಲ್ಲ. ಐದೈದು ಹಲಗೆಗಳ ಮೂರು ಕಟ್ಟು ಮಾಡಿ, ಪ್ರತಿ ಕಟ್ಟಿನ ಪಕ್ಕವನ್ನೂ ಹತ್ತರಿಯಿಂದ ನೇರಗೊಳಿಸಿ, ಆಮೇಲೆ ಮೂರನ್ನೂ ಕೂಡಿಸಿದೆ. ಕ್ಲಾಂಪುಗಳನ್ನು ಒಂದು ಮೇಲೆ, ಒಂದು ಕೆಳಗೆ ಹೀಗೆ ಬದಲಿಸಿ ಹಾಕಬೇಕು. ಎಲ್ಲವೂ ಒಂದೇ ಬದಿಗಿದ್ದರೆ ಬಿಗಿದಂತೆಲ್ಲ ಹಲಗೆ ಬಿಲ್ಲಾಗುತ್ತದೆ.

ಮೇಜು ಅಲುಗುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಕಾಲುಗಳಲ್ಲಿ. ಎಡ, ಬಲ ತುದಿಗಳ ಎರಡೆರಡು ಕಾಲುಗಳನ್ನು ಗಿಡ್ಡ ಅಡ್ಡಪಟ್ಟಿಗಳಿಂದ ಸೇರಿಸಿ ಎರಡು ಚೌಕಟ್ಟು ಮಾಡಿದೆ. ಕಾಲಿಗೆ ಉಳಿಯಿಂದ ಚೌಕ ಕಂಡಿ ಕೊರೆದು, ಪಟ್ಟಿಯ ತುದಿಯನ್ನು ಅದಕ್ಕೆ ಸರಿಯಾಗಿ ಕೆತ್ತಿ, ಅಂಟು ಹಾಕಿ ಕೊಡತಿಯಿಂದ ಹೊಡೆದು ಕೂರಿಸಿದೆ. ಇಲ್ಲಿ ಗಮನವೆಲ್ಲ ಪಟ್ಟಿಯ ಭುಜದ ಮೇಲಿರಬೇಕು, ಅಂದರೆ ಕಾಲಿನ ಮುಖಕ್ಕೆ ಒತ್ತಿ ನಿಲ್ಲುವ ಅಂಚಿನ ಮೇಲೆ. ಭುಜ ಸುತ್ತಲೂ ಕಾಗದದಷ್ಟೂ ಸಂದಿಲ್ಲದೆ ಕೂತರೆ ಚೌಕಟ್ಟು ವಾಲಲು ಜಾಗವೇ ಇರುವುದಿಲ್ಲ. ಮೂಲೆಮಟ್ಟವನ್ನು ನಾಲ್ಕೂ ಕಡೆ ಇಟ್ಟು ನೋಡಿ, ಉಳಿಯಿಂದ ಸವರಿ ಮತ್ತೆ ಕೂರಿಸಿದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡಿದ್ದು, ಅತಿ ಹೆಚ್ಚು ಸಂತೋಷ ಕೊಟ್ಟದ್ದೂ ಇದೇ.

ಎರಡು ಚೌಕಟ್ಟುಗಳನ್ನು ಸೇರಿಸುವ ಉದ್ದ ಪಟ್ಟಿಗಳಿಗೆ ಅಂಟು ಹಾಕಲಿಲ್ಲ, ಉದ್ದನೆಯ ಬೋಲ್ಟ್ ಹಾಕಿದೆ. ಮರ ಕುಗ್ಗಿ ಸಡಿಲಾದರೆ ಸ್ಪ್ಯಾನರಿನಿಂದ ಮತ್ತೆ ಬಿಗಿಯಬಹುದು, ಬೇರೆ ಕೋಣೆಗೆ ಸಾಗಿಸಬೇಕಾದರೆ ಬಿಚ್ಚಬಹುದು.

18ನೇ ಶತಮಾನದ ಫ್ರೆಂಚ್ ಮೇಜುಗಳ ಒಂದು ಗುಣವನ್ನು ಹಾಗೆಯೇ ತೆಗೆದುಕೊಂಡೆ: ಮುಂದಿನ ಕಾಲುಗಳ ಮುಖ ಮೇಲ್ಹಲಗೆಯ ಅಂಚಿಗೆ ಸಮವಾಗಿರುವುದು. ಉದ್ದ ಹಲಗೆಯ ಅಂಚಿಗೆ ಹತ್ತರಿ ಹೊಡೆಯುವಾಗ ಅದನ್ನು ನೇರವಾಗಿ ಕಾಲಿಗೇ ಒತ್ತಿ ಕ್ಲಾಂಪಿನಿಂದ ಬಿಗಿಯಬಹುದು. ಈ ಸಮತೆ ಉಳಿಯಲೆಂದು ಮೇಲ್ಹಲಗೆಯ ಮುಂಭಾಗವನ್ನು ಮಾತ್ರ ಚೌಕಟ್ಟಿಗೆ ಬಿಗಿಯಾಗಿ ಕಚ್ಚಿಸಿದೆ. ಹಿಂಭಾಗದ ಸ್ಕ್ರೂಗಳಿಗೆ ಉದ್ದನೆಯ ರಂಧ್ರ ಕೊರೆದಿದ್ದೇನೆ. ತೇವಾಂಶ ಏರಿಳಿದಾಗ ಹಲಗೆ ಹಿಂದಕ್ಕೆ ಸರಿದಾಡುತ್ತದೆ, ಸೀಳುವುದಿಲ್ಲ.

ಜೋಡಿಸಿದ ಮೇಲೆ ಮಟ್ಟ ಮಾಡುವ ಕೆಲಸ. ನೇರವಾದ ಎರಡು ಪಟ್ಟಿಗಳನ್ನು ಮೇಜಿನ ಎರಡು ತುದಿಗಳಲ್ಲಿ ಅಡ್ಡಕ್ಕಿಟ್ಟು, ಬಗ್ಗಿ ಒಂದರ ಮೇಲಂಚಿನಿಂದ ಇನ್ನೊಂದರ ಮೇಲಂಚನ್ನು ನೋಡಿದೆ. ಅವು ಸಮಾನಾಂತರವಾಗಿ ಕಾಣದಿದ್ದರೆ ಹಲಗೆ ತಿರುಚಿಕೊಂಡಿದೆ ಎಂದರ್ಥ. ಉಬ್ಬಿದ ಮೂಲೆಗಳಿಗೆ ಮೊದಲು ಹತ್ತರಿ ಹೊಡೆದು, ಆಮೇಲೆ ಎಳೆಗಳಿಗೆ ಅಡ್ಡವಾಗಿ, ಓರೆಯಾಗಿ, ಕೊನೆಗೆ ಉದ್ದಕ್ಕೆ ಹೊಡೆದೆ. ಮಟ್ಟವಾಗುವ ಹೊತ್ತಿಗೆ ದಪ್ಪ 90 ಮಿ.ಮೀ.ಗೆ ಬಂದಿತ್ತು.

ವಾರ್ನಿಷ್ ಬೇಡ, ಮೇಲ್ಮೈ ಜಾರುತ್ತದೆ. ಅಗಸೆ ಎಣ್ಣೆ ಸವರಿ ಒರೆಸಿದರೆ ಸಾಕು. ಒರೆಸಿದ ಬಟ್ಟೆಯನ್ನು ಮಾತ್ರ ಎಂದೂ ಮುದ್ದೆ ಮಾಡಿ ಎಸೆಯಬಾರದು. ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಹುಟ್ಟುವ ಶಾಖದಿಂದಲೇ ಅದಕ್ಕೆ ಬೆಂಕಿ ಹತ್ತಬಹುದು. ಹೊರಗೆ ಬಿಡಿಯಾಗಿ ಹರವಿ ಒಣಗಿಸಿ.

ಕೆಲಸದ ಮರವನ್ನು ಹಿಡಿಯಲು ಕಬ್ಬಿಣದ ಬಾಗಿದ ಹೋಲ್ಡ್‌ಫಾಸ್ಟ್ ಇಟ್ಟುಕೊಂಡಿದ್ದೇನೆ. ಮೇಲ್ಹಲಗೆಯಲ್ಲಿ ಕೊರೆದ 19 ಮಿ.ಮೀ. ರಂಧ್ರಕ್ಕೆ ಇಳಿಸಿ ತಲೆಗೆ ಒಂದು ಪೆಟ್ಟು ಕೊಟ್ಟರೆ ಅದರ ಕಾಲು ಓರೆಯಾಗಿ ಸಿಲುಕಿ ಮರವನ್ನು ಒತ್ತಿ ಹಿಡಿಯುತ್ತದೆ. ಹಿಂದಿನಿಂದ ತಟ್ಟಿದರೆ ಬಿಡುತ್ತದೆ. ಹಲಗೆ ತೀರಾ ದಪ್ಪವಾದರೆ ಕಾಲು ಓರೆಯಾಗಲು ಎಡೆ ಸಿಗದೆ ಹಿಡಿತ ತಪ್ಪಬಹುದು. ಆಗ ರಂಧ್ರದ ಕೆಳಭಾಗವನ್ನು ದಪ್ಪ ಬೈರಿಗೆಯಿಂದ ಅಗಲ ಮಾಡಿದರೆ ಸರಿಹೋಗುತ್ತದೆ. ರಂಧ್ರಗಳನ್ನು ಸಾಲಾಗಿ ಮೊದಲೇ ಕೊರೆದಿಡುವ ಅಗತ್ಯವಿಲ್ಲ. ನಾನು ಕೆಲಸ ಬೇಡಿದಾಗ, ಬೇಡಿದ ಜಾಗದಲ್ಲಿ ಒಂದೊಂದೇ ಕೊರೆಯುತ್ತಿದ್ದೇನೆ.