ರಾಷ್ಟ್ರಲಾಂಛನವನ್ನು ಓದುವ ಬಗೆ

ಜಗತ್ತಿನ ದೇಶಗಳ ರಾಷ್ಟ್ರಪ್ರಾಣಿ, ರಾಷ್ಟ್ರಪಕ್ಷಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರು ಬಹಳ ಮಂದಿ ಇದ್ದಾರೆ. ಆದರೆ ಆ ಪಟ್ಟಿಯ ಒಂದೊಂದು ಹೆಸರೂ ಅಲ್ಲಿಗೆ ಹೇಗೆ ಬಂತು ಎಂದು ಕೇಳಿದರೆ, ಸಿಂಹವೆಂದರೆ ಶೌರ್ಯ, ಹದ್ದೆಂದರೆ ಬಲ, ಆನೆಯೆಂದರೆ ಗಾಂಭೀರ್ಯ ಎಂಬ ಸಿದ್ಧ ಉತ್ತರವೇ ಸಿಗುತ್ತದೆ. ಈ ಉತ್ತರದಿಂದ ಹೊಸದೇನೂ ತಿಳಿಯುವುದಿಲ್ಲ, ಏಕೆಂದರೆ ಹದ್ದನ್ನು ಆರಿಸಿಕೊಂಡ ಎಲ್ಲ ದೇಶಗಳಿಗೂ ಅದು ಒಂದೇ ಬಗೆಯಾಗಿ ಹೊಂದಿಕೊಳ್ಳುತ್ತದೆ. ಲಾಂಛನವೊಂದನ್ನು ಯಾರೋ ಒಬ್ಬರು, ಯಾವುದೋ ಒಂದು ಕಾಲದಲ್ಲಿ, ಯಾವುದೋ ಒಂದು ಅಗತ್ಯಕ್ಕಾಗಿ ನಿರ್ಧರಿಸಿರುತ್ತಾರೆ. ಆ ನಿರ್ಧಾರವನ್ನು ಪತ್ತೆಹಚ್ಚುವುದೇ ಅದನ್ನು ಓದುವ ದಾರಿ. ತರಗತಿಯಲ್ಲಿ ಪಾಠ ಹೇಳುವವರು, ಲೇಖನ ಬರೆಯುವವರು, ರಸಪ್ರಶ್ನೆ ಸಿದ್ಧಪಡಿಸುವವರು ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು, ನಿಮ್ಮ ಮುಂದಿರುವ ಗುರುತಿನ ಸ್ಥಾನಮಾನ ಏನೆಂದು ಖಚಿತಪಡಿಸಿಕೊಳ್ಳಬೇಕು. ಸರ್ಕಾರದ ಮುದ್ರೆಯ ಮೇಲಿರುವ ಲಾಂಛನ ಬೇರೆ, ಕಾನೂನಿನ ಮೂಲಕವೋ ಸರ್ಕಾರಿ ಪ್ರಕಟಣೆಯ ಮೂಲಕವೋ ಘೋಷಿತವಾದ ರಾಷ್ಟ್ರಪ್ರಾಣಿ ಬೇರೆ, ಯಾವ ಘೋಷಣೆಯೂ ಇಲ್ಲದೆ ಜನರ ಬಳಕೆಯಿಂದಲೇ ನೆಲೆಯೂರಿದ ಗುರುತು ಬೇರೆ. ಭಾರತದ ರಾಷ್ಟ್ರಲಾಂಛನದಲ್ಲಿ ಸಿಂಹಗಳಿವೆ, ರಾಷ್ಟ್ರಪ್ರಾಣಿ ಹುಲಿ. ಇಂಡೊನೇಷ್ಯಾದ ಲಾಂಛನ ಗರುಡ, ಆದರೆ ಆ ದೇಶ 1993ರಲ್ಲಿ ರಾಷ್ಟ್ರಪ್ರಾಣಿಯೆಂದು ಗುರುತಿಸಿದ್ದು ಕೊಮೊಡೊ ಉಡವನ್ನು. ಫ್ರಾನ್ಸಿನ ಹುಂಜ ಮೂರನೆಯ ಬಗೆಗೆ ಸೇರುತ್ತದೆ. ಲ್ಯಾಟಿನ್ ಭಾಷೆಯಲ್ಲಿ 'ಗಾಲಸ್' ಎಂಬ ಒಂದೇ ಪದಕ್ಕೆ ಹುಂಜ ಎಂದೂ ಗಾಲ್ (ಇಂದಿನ ಫ್ರಾನ್ಸಿನ ಪ್ರಾಚೀನ ಹೆಸರು) ಪ್ರದೇಶದವನು ಎಂದೂ ಅರ್ಥವಿದ್ದುದರಿಂದ ಹುಟ್ಟಿದ ಶ್ಲೇಷೆ ಅದು. 1958ರ ಫ್ರೆಂಚ್ ಸಂವಿಧಾನದ ಎರಡನೆಯ ವಿಧಿಯು ಭಾಷೆ, ಧ್ವಜ, ಗೀತೆ, ಧ್ಯೇಯವಾಕ್ಯಗಳನ್ನು ಹೆಸರಿಸುತ್ತದೆ. ಹುಂಜದ ಹೆಸರು ಅಲ್ಲಿಲ್ಲ. ಕೆನಡಾದ ಬೀವರ್ (ಹೊಳೆಗಳಿಗೆ ಅಡ್ಡಕಟ್ಟೆ ಕಟ್ಟುವ ದಂಶಕ ಪ್ರಾಣಿ) ಇದಕ್ಕೆ ವಿರುದ್ಧವಾದ ಉದಾಹರಣೆ: ಶತಮಾನಗಳ ಕಾಲ ಬಳಕೆಯಲ್ಲಿದ್ದ ಆ ಗುರುತಿಗೆ 1975ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆಯ ಮೂಲಕವೇ ಅಧಿಕೃತ ಸ್ಥಾನ ಕೊಟ್ಟಿತು.

ಈ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯೆಂದು ಯಾವುದನ್ನೂ ನಂಬಿಬಿಡಬಾರದು. ಅಮೆರಿಕ ಸಂಯುಕ್ತ ಸಂಸ್ಥಾನದ ಮಹಾಮುದ್ರೆಯ ಮೇಲೆ ಬಿಳಿತಲೆಯ ಹದ್ದು 1782ರಿಂದಲೂ ಇದೆ. ಅಲ್ಲಿನ ಪ್ರಜೆಗಳೂ ಹೊರಗಿನವರೂ ಅದನ್ನು ಆ ದೇಶದ ರಾಷ್ಟ್ರಪಕ್ಷಿಯೆಂದೇ ಕರೆಯುತ್ತ ಬಂದರು. ಆದರೆ ಕಾನೂನಿನ ಪ್ರಕಾರ ಅದು ರಾಷ್ಟ್ರಪಕ್ಷಿಯಾದದ್ದು 2024ರ ಡಿಸೆಂಬರಿನಲ್ಲಿ. ಅದಕ್ಕಿಂತ ಮುಂಚೆಯೇ, 2016ರಲ್ಲಿ, ಬೈಸನ್ ಆ ದೇಶದ ರಾಷ್ಟ್ರೀಯ ಸಸ್ತನಿಯಾಗಿತ್ತು. ಹೀಗಾಗಿ 'ರಾಷ್ಟ್ರಪಕ್ಷಿ ಯಾವಾಗ ಆಯ್ಕೆಯಾಯಿತು' ಎಂಬ ಪ್ರಶ್ನೆಗೆ 1782 ಎಂದು ಉತ್ತರಿಸುವುದು ತಪ್ಪಾಗುತ್ತದೆ. 'ಲಾಂಛನದಲ್ಲಿ ಯಾವಾಗ ಸೇರಿತು' ಎಂಬ ಪ್ರಶ್ನೆಗೆ ಅದೇ ಸರಿಯಾದ ಉತ್ತರ.

ಎರಡನೆಯದಾಗಿ, ಅರ್ಥ ಹುಡುಕುವ ಮೊದಲು ಚಿತ್ರವನ್ನು ಎದುರಿಗಿಟ್ಟುಕೊಂಡು, ಕಾಣುವುದನ್ನೆಲ್ಲ ಕಾಗದದ ಮೇಲೆ ಬರೆಯಿರಿ. ಪ್ರಾಣಿ ಯಾವ ಕಡೆಗೆ ಮುಖ ಮಾಡಿದೆ, ಕಾಲುಗಳಲ್ಲಿ ಏನನ್ನು ಹಿಡಿದಿದೆ, ಕೊರಳಲ್ಲಿ ಏನಿದೆ, ಗರಿಗಳೆಷ್ಟು, ಕಿರಣಗಳೆಷ್ಟು ಎಂಬುದನ್ನು ಬಿಡದೆ ಗಮನಿಸಬೇಕು. ಇಲ್ಲಿ ಎಡ-ಬಲಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಯುರೋಪಿನ ಲಾಂಛನ ಸಂಪ್ರದಾಯದಲ್ಲಿ ಬಲ ಎಂದರೆ ಗುರಾಣಿ ಹಿಡಿದು ನಿಂತವನ ಬಲ, ಅಂದರೆ ನೋಡುವವರ ಎಡ. ಭಾರತದ ಲಾಂಛನದ ಅಧಿಕೃತ ವಿವರಣೆಯಾದರೋ ನೋಡುವವರ ಕಡೆಯಿಂದಲೇ ಬಲಕ್ಕೆ ಗೂಳಿ, ಎಡಕ್ಕೆ ಕುದುರೆ ಎನ್ನುತ್ತದೆ. ಈ ವ್ಯತ್ಯಾಸ ತಿಳಿಯದಿದ್ದರೆ ಅರ್ಧದಷ್ಟು ವಿವರಣೆಗಳು ತಲೆಕೆಳಗಾಗಿ ಕಾಣುತ್ತವೆ. ಹಾಗೆಯೇ, ಕಾಣದಿರುವುದನ್ನೂ ಕೇಳಿಕೊಳ್ಳಬೇಕು: ಸಾರನಾಥದ ಅಶೋಕ ಸ್ತಂಭದ ಶಿರೋಭಾಗದಲ್ಲಿ ನಾಲ್ಕು ಸಿಂಹಗಳು ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿವೆ, ಚಿತ್ರದಲ್ಲಿ ಮೂರು ಮಾತ್ರ ಕಾಣುತ್ತವೆ, ಮೂಲ ಶಿಲ್ಪದ ಕೆಳಗಿರುವ ಗಂಟೆಯಾಕಾರದ ಕಮಲವನ್ನು 1950ರಲ್ಲಿ ಅಂಗೀಕರಿಸಿದ ಲಾಂಛನದಲ್ಲಿ ಬಿಡಲಾಗಿದೆ.

ಎಣಿಕೆಯಿಂದ ಎಷ್ಟು ತಿಳಿಯಬಹುದು ಎಂಬುದಕ್ಕೆ ಇಂಡೊನೇಷ್ಯಾದ ಗರುಡನಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಒಂದೊಂದು ರೆಕ್ಕೆಯಲ್ಲಿ 17 ಗರಿ, ಬಾಲದಲ್ಲಿ 8, ಬಾಲದ ಬುಡದಲ್ಲಿ 19, ಕೊರಳಿನಲ್ಲಿ 45. ಇವನ್ನು ಒಟ್ಟಿಗೆ ಓದಿದರೆ 17-8-1945, ಅಂದರೆ ಆ ದೇಶ ಸ್ವಾತಂತ್ರ್ಯ ಘೋಷಿಸಿಕೊಂಡ ದಿನ. ಎದೆಯ ಗುರಾಣಿಯ ಮೇಲೆ ನಕ್ಷತ್ರ, ಸರಪಳಿ, ಆಲದ ಮರ, ಕಾಡುಗೂಳಿಯ ತಲೆ, ಭತ್ತ ಮತ್ತು ಹತ್ತಿ ಇವೆ. ಪಂಚಶೀಲವೆಂದು ಆ ದೇಶ ಕರೆಯುವ ಐದು ತತ್ತ್ವಗಳಿಗೆ ಐದು ಚಿಹ್ನೆಗಳು. ಕಾಲುಗಳು ಹಿಡಿದಿರುವ ಪಟ್ಟಿಯ ಮೇಲೆ 'ಭಿನ್ನೇಕ ತುಂಗಲ್ ಇಕ' ಎಂಬ ಹಳೆಯ ಜಾವಾ ಭಾಷೆಯ ಮಾತಿದೆ, ಅದರ ಮೊದಲ ಪದದ 'ಭಿನ್ನ' ಕನ್ನಡ ಓದುಗರಿಗೆ ತಾನಾಗಿಯೇ ಅರ್ಥವಾಗುತ್ತದೆ. ಎಣಿಸದೆ, ಪಟ್ಟಿಯನ್ನು ಓದದೆ, 'ಗರುಡ ಶಕ್ತಿಯ ಸಂಕೇತ' ಎಂದು ಮುಂದೆ ಹೋಗುವವರಿಗೆ ಇದರಲ್ಲಿ ಒಂದೂ ದಕ್ಕುವುದಿಲ್ಲ.

ಹಿಡಿದಿರುವ ವಸ್ತುಗಳನ್ನು ನೋಡುವಾಗಲೂ ಆತುರಪಡಬಾರದು. ಅಮೆರಿಕದ ಹದ್ದು ತನ್ನ ಬಲಗಾಲಲ್ಲಿ ಆಲಿವ್ ಕೊಂಬೆಯನ್ನೂ ಎಡಗಾಲಲ್ಲಿ 13 ಬಾಣಗಳನ್ನೂ ಹಿಡಿದು, ಮುಖವನ್ನು ಕೊಂಬೆಯ ಕಡೆಗೆ ತಿರುಗಿಸಿದೆ. ಹದಿಮೂರು ಎಂಬುದು ಒಕ್ಕೂಟದ ಮೂಲ ರಾಜ್ಯಗಳ ಸಂಖ್ಯೆ. ಭೂತಾನದ ಧ್ವಜದ ಡ್ರ್ಯಾಗನ್ ಉಗುರುಗಳ ನಡುವೆ ರತ್ನಗಳಿವೆ. ಆಸ್ಟ್ರಿಯಾದ ಹದ್ದು ಒಂದು ಕಾಲಲ್ಲಿ ಕುಡುಗೋಲನ್ನೂ ಇನ್ನೊಂದರಲ್ಲಿ ಸುತ್ತಿಗೆಯನ್ನೂ ಹಿಡಿದಿದೆ. ಅದನ್ನು ಕಂಡೊಡನೆ ಕಮ್ಯುನಿಸಂ ಎಂದು ಬರೆದವರನ್ನು ನಾನು ನೋಡಿದ್ದೇನೆ. ವಾಸ್ತವದಲ್ಲಿ, 1919ರಲ್ಲಿ ಹೊಸ ಗಣರಾಜ್ಯವು ಈ ಹದ್ದನ್ನು ರೂಪಿಸಿದಾಗ ತಲೆಯ ಮೇಲಿನ ಕೋಟೆಗೋಡೆಯಂಥ ಕಿರೀಟವನ್ನು ನಗರವಾಸಿಗಳಿಗೆ, ಕುಡುಗೋಲನ್ನು ರೈತರಿಗೆ, ಸುತ್ತಿಗೆಯನ್ನು ಕಾರ್ಮಿಕರಿಗೆ ಮೀಸಲಿಟ್ಟಿತು. ಮೂರೂ ಸೇರಿ ದೇಶದ ದುಡಿಯುವ ಜನರನ್ನು ಸೂಚಿಸುತ್ತವೆ.

ಅದೇ ಹದ್ದಿನ ಕಾಲುಗಳಲ್ಲಿ ತುಂಡಾದ ಸರಪಳಿಯೂ ಇದೆ. ಅದು 1919ರದ್ದಲ್ಲ. ನಾಜಿ ಆಡಳಿತದಿಂದ ಬಿಡುಗಡೆಯಾದ 1945ರಲ್ಲಿ ಅದನ್ನು ಸೇರಿಸಲಾಯಿತು. ಆದ್ದರಿಂದ ಮೂರನೆಯ ಕೆಲಸ, ಲಾಂಛನದ ಒಂದೊಂದು ಭಾಗಕ್ಕೂ ಅದರದೇ ವರ್ಷವನ್ನು ಹುಡುಕಿ ಪಕ್ಕದಲ್ಲಿ ಬರೆಯುವುದು. ಇಡೀ ಚಿತ್ರಕ್ಕೆ ಒಂದೇ ಹುಟ್ಟಿದ ದಿನವಿರುತ್ತದೆ ಎಂಬ ಊಹೆ ಅನೇಕ ತಪ್ಪುಗಳಿಗೆ ಮೂಲ. ಬ್ರಿಟನ್ನಿನ ರಾಜಲಾಂಛನದಲ್ಲಿ ಸಿಂಹದ ಎದುರು ನಿಂತಿರುವ ಒಂಟಿಕೊಂಬಿನ ಕುದುರೆ ಸ್ಕಾಟ್‌ಲ್ಯಾಂಡಿನದು. 1603ರಲ್ಲಿ ಸ್ಕಾಟ್‌ಲ್ಯಾಂಡಿನ ದೊರೆಯೇ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ ಮೇಲೆ ಅವೆರಡೂ ಜೋಡಿಯಾದವು. ಲೆಸೊಥೊ ದೇಶದ ಧ್ವಜದಲ್ಲಿ 1987ರಿಂದ ಗುರಾಣಿ, ಈಟಿ, ದೊಣ್ಣೆಗಳಿದ್ದವು. ಸ್ವಾತಂತ್ರ್ಯದ ನಲವತ್ತನೆಯ ವರ್ಷವಾದ 2006ರಲ್ಲಿ ಅವುಗಳನ್ನು ತೆಗೆದು, ಮೊಕೊರೊಟ್ಲೊ ಎಂಬ ಹುಲ್ಲಿನ ಟೋಪಿಯನ್ನು ಇಟ್ಟರು. ಆಯುಧ ಹೋಗಿ ಟೋಪಿ ಬಂದ ಆ ವರ್ಷವನ್ನು ಬಿಟ್ಟರೆ ಟೋಪಿಯ ಅರ್ಥವೂ ಬಿಟ್ಟುಹೋಗುತ್ತದೆ.

ವರ್ಷ ಸಿಕ್ಕಿದ ಮೇಲೆ, ಆ ಹೊತ್ತಿನಲ್ಲಿ ಆ ದೇಶ ಯಾರಿಗೆ ಏನನ್ನು ಹೇಳಬೇಕಾಗಿತ್ತು ಎಂದು ಕೇಳಿಕೊಳ್ಳಿ. ಜಿಂಬಾಬ್ವೆಯ ಹಕ್ಕಿಯ ವಿಚಾರದಲ್ಲಿ ಈ ಪ್ರಶ್ನೆಯೇ ಬಾಗಿಲು ತೆರೆಯುತ್ತದೆ. ಅದು ಏಕಕಾಲಕ್ಕೆ ಪ್ರಾಣಿಯೂ ಹೌದು, ವಸ್ತುವೂ ಹೌದು: ಗ್ರೇಟ್ ಜಿಂಬಾಬ್ವೆ ಎಂಬ ಕಲ್ಲಿನ ನಗರದ ಅವಶೇಷಗಳಲ್ಲಿ ದೊರೆತ, ಬಳಪದ ಕಲ್ಲಿನಲ್ಲಿ ಕಡೆದ ಹಕ್ಕಿಗಳೇ ಅದರ ಮೂಲ. ವಸಾಹತು ಕಾಲದಲ್ಲಿ ಆ ನಗರವನ್ನು ಆಫ್ರಿಕನ್ನರು ಕಟ್ಟಿರಲಾರರು, ಹೊರಗಿನಿಂದ ಬಂದವರಾರೋ ಕಟ್ಟಿರಬೇಕು ಎಂಬ ವಾದವನ್ನು ಬಲವಾಗಿ ಹರಡಲಾಗಿತ್ತು. ಪುರಾತತ್ತ್ವದ ಸಾಕ್ಷ್ಯ ಅದಕ್ಕೆ ವಿರುದ್ಧವಾಗಿದ್ದರೂ ವಾದ ನಿಲ್ಲಲಿಲ್ಲ. ಒಂದು ಹಕ್ಕಿ ಬ್ರಿಟಿಷ್ ವಸಾಹತುಗಾರ ಸೆಸಿಲ್ ರೋಡ್ಸ್‌ನ ಕೈಸೇರಿತ್ತು, ಕೆಲವು ದೇಶದಿಂದ ಹೊರಗೆ ಹೋಗಿದ್ದವು. 1980ರಲ್ಲಿ ಸ್ವತಂತ್ರವಾದ ದೇಶ ಆ ನಗರದ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡು, ಅದೇ ಹಕ್ಕಿಯನ್ನು ಧ್ವಜದ ಮೇಲೆ ಕೂರಿಸಿತು. ಅದು ಯಾವ ಜಾತಿಯ ಹದ್ದು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಲಾಂಛನವನ್ನು ಓದುವವರಿಗೆ ಮಾತ್ರ, 'ಇದನ್ನು ನಮ್ಮ ಪೂರ್ವಿಕರು ಕಡೆದರು' ಎಂಬ ಅದರ ಮಾತು ಹಕ್ಕಿಯ ಜಾತಿಗಿಂತ ದೊಡ್ಡದು.

ನಾಲ್ಕನೆಯ ಕೆಲಸ ತುಸು ಕಷ್ಟದ್ದು, ಏಕೆಂದರೆ ಅದು ಒಳ್ಳೆಯ ಕಥೆಗಳನ್ನು ಅನುಮಾನಿಸುವ ಕೆಲಸ. ಲಾಂಛನದ ಸುತ್ತ ಎರಡು ಬಗೆಯ ಕಥೆಗಳಿರುತ್ತವೆ: ಅದು ಹುಟ್ಟಲು ಕಾರಣವಾದ ಕಥೆ, ಮತ್ತು ಅದು ಹುಟ್ಟಿದ ಮೇಲೆ ಯಾರೋ ಹೊಂದಿಸಿದ ಕಥೆ. ಮೆಕ್ಸಿಕೊದ ಲಾಂಛನಕ್ಕೆ ಮೊದಲ ಬಗೆಯ ಕಥೆಯಿದೆ: ಪಾಪಸುಕಳ್ಳಿಯ ಮೇಲೆ ಹದ್ದು ಕುಳಿತಿರುವುದನ್ನು ಕಂಡಲ್ಲಿ ನೆಲೆ ನಿಲ್ಲಬೇಕೆಂಬ ದೇವರ ಆಜ್ಞೆಯಂತೆ ಮೆಶಿಕಾ ಜನರು ಸರೋವರದ ನಡುವಿನ ದ್ವೀಪದಲ್ಲಿ ತೆನೊಚ್ತಿತ್ಲಾನ್ ನಗರವನ್ನು ಕಟ್ಟಿದರು, ಅದು ಸಾಮಾನ್ಯವಾಗಿ 1325 ಎಂದು ಹೇಳಲಾಗುವ ಕಾಲ. ಆದರೆ ಇಂದಿನ ಚಿತ್ರದಲ್ಲಿ ಹದ್ದಿನ ಬಾಯಲ್ಲಿರುವ ಹಾವು, 16ನೆಯ ಶತಮಾನದ ಮೆಂಡೋಸಾ ಹಸ್ತಪ್ರತಿಯ ಪ್ರಸಿದ್ಧ ಮೊದಲ ಚಿತ್ರದಲ್ಲಿ ಇಲ್ಲ. ಅಲ್ಲಿ ಹದ್ದು ಕಳ್ಳಿಯ ಮೇಲೆ ಸುಮ್ಮನೆ ಕುಳಿತಿದೆ. ಹೀಗೆ ಒಂದೇ ಕಥೆಯ ಹಳೆಯ ಮತ್ತು ಹೊಸ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಬಹಳ ಉಪಯುಕ್ತ ಅಭ್ಯಾಸ.

ಎರಡನೆಯ ಬಗೆಗೆ ಆಸ್ಟ್ರೇಲಿಯಾ ಉದಾಹರಣೆ. ಅಲ್ಲಿನ ಲಾಂಛನದ ಕಾಂಗರೂ ಮತ್ತು ಎಮು ಹಿಂದಕ್ಕೆ ನಡೆಯಲಾರವು, ಆದ್ದರಿಂದಲೇ ಮುನ್ನಡೆಯುವ ದೇಶಕ್ಕೆ ಅವನ್ನು ಆರಿಸಿದರು ಎಂದು ಎಲ್ಲೆಡೆ ಹೇಳುತ್ತಾರೆ. ಕೇಳಲು ಚೆನ್ನಾಗಿರುವ ಈ ಮಾತು ಪ್ರಾಣಿಗಳ ವರ್ಣನೆಯಾಗಿಯೂ ಪೂರ್ತಿ ನಿಜವಲ್ಲ, ಎಮು ಹಿಂದಕ್ಕೆ ಹೆಜ್ಜೆ ಇಡಬಲ್ಲದು. ಇನ್ನೊಂದು, ಬೆಂಜಮಿನ್ ಫ್ರಾಂಕ್ಲಿನ್ ಹದ್ದಿನ ಬದಲು ಟರ್ಕಿ ಕೋಳಿಯನ್ನು ಅಮೆರಿಕದ ಲಾಂಛನವಾಗಿಸಲು ಸೂಚಿಸಿದ್ದನೆಂಬ ಕಥೆ. ಆತ 1784ರಲ್ಲಿ ಮಗಳಿಗೆ ಬರೆದ ಪತ್ರದಲ್ಲಿ ಹದ್ದನ್ನು ಹಳಿದು ಟರ್ಕಿಯನ್ನು ಹೊಗಳಿದ್ದು ನಿಜ. ಆದರೆ ಆ ವೇಳೆಗೆ ಮುದ್ರೆ ನಿಶ್ಚಯವಾಗಿ ಒಂದೂವರೆ ವರ್ಷ ಕಳೆದಿತ್ತು, ಮತ್ತು 1776ರಲ್ಲಿ ಮುದ್ರೆಗಾಗಿ ಆತ ಕೊಟ್ಟಿದ್ದ ಸಲಹೆ ಕೆಂಪು ಸಮುದ್ರದ ದಡದಲ್ಲಿ ನಿಂತ ಮೋಶೆಯ ದೃಶ್ಯ. ದಿನಾಂಕಗಳನ್ನು ಒಂದರ ಕೆಳಗೊಂದು ಬರೆದುಕೊಂಡರೆ ಇಂಥ ಕಥೆಗಳು ತಾವಾಗಿಯೇ ಸಡಿಲವಾಗುತ್ತವೆ.

ಒಂದೇ ಜೀವಿ ಎರಡು ದೇಶಗಳಲ್ಲಿದ್ದರೆ ಅವೆರಡನ್ನೂ ಒಟ್ಟಿಗೆ ಓದುವುದು ಲಾಭಕರ. ಇಂಡೊನೇಷ್ಯಾದ ಗರುಡ ಗಣರಾಜ್ಯದ ತತ್ತ್ವಗಳನ್ನು ಹೊತ್ತಿದ್ದರೆ, ಥಾಯ್ಲೆಂಡಿನ ಗರುಡ ರಾಜಚಿಹ್ನೆ, ಏಕೆಂದರೆ ಅಲ್ಲಿನ ಪರಂಪರೆಯಲ್ಲಿ ದೊರೆಯನ್ನು ನಾರಾಯಣನ ಅಂಶವೆಂದು ಭಾವಿಸುತ್ತಾರೆ, ಗರುಡ ಆತನ ವಾಹನ. ಎರಡು ತಲೆಯ ಹದ್ದು ರಷ್ಯಾದಲ್ಲಿ ಮೂರನೆಯ ಇವಾನನ 1497ರ ಮುದ್ರೆಯಿಂದ ಸಾಮ್ರಾಜ್ಯದ ಗುರುತಾಗಿ ಬೆಳೆದು, 1917ರ ಕ್ರಾಂತಿಯ ಬಳಿಕ ಮರೆಯಾಗಿ, 1993ರಲ್ಲಿ ಮರಳಿತು. ಆಲ್ಬೇನಿಯಾದಲ್ಲಿ ಅದೇ ಹಕ್ಕಿ 15ನೆಯ ಶತಮಾನದಲ್ಲಿ ಒಟ್ಟೋಮನ್ ಸಾಮ್ರಾಜ್ಯವನ್ನು ಎದುರಿಸಿದ ಸ್ಕಂದರ್‌ಬೆಗ್‌ನ ನೆನಪು. ಒಂದೆಡೆ ಸಾಮ್ರಾಜ್ಯ, ಇನ್ನೊಂದೆಡೆ ಸಾಮ್ರಾಜ್ಯದ ವಿರುದ್ಧದ ಹೋರಾಟ.

ವಸ್ತುಗಳ ವಿಚಾರದಲ್ಲಿ ಒಂದು ಹೆಚ್ಚಿನ ಪ್ರಶ್ನೆ ಕೇಳಬೇಕು: ಅದನ್ನು ಜನ ಯಾವುದಕ್ಕೆ ಬಳಸುತ್ತಿದ್ದರು? ಕಿರ್ಗಿಸ್ತಾನದ ಧ್ವಜದ ಸೂರ್ಯನ ನಡುವೆ ಇರುವ ಅಡ್ಡಗೆರೆಗಳ ವೃತ್ತ ಅಲಂಕಾರದಂತೆ ಕಾಣುತ್ತದೆ. ಅದು ತುಂಡುಕ್, ಅಲೆಮಾರಿಗಳ ದುಂಡು ಗುಡಾರದ ನೆತ್ತಿಯಲ್ಲಿ ಹೊಗೆ ಹೋಗಲು, ಬೆಳಕು ಬರಲು ಇರುವ ಮರದ ಬಳೆ. ಗುಡಾರದೊಳಗೆ ಮಲಗಿ ಮೇಲೆ ನೋಡಿದವರಿಗೆ ಕಾಣುವ ಆಕಾಶ ಅದು. ಐರ್ಲೆಂಡಿನ ಲಾಂಛನವಾದ ಹಾರ್ಪ್ ಎಂಬ ತಂತಿವಾದ್ಯ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿರುವ ಪ್ರಾಚೀನ ವಾದ್ಯವೊಂದರ ಮಾದರಿಯದು. ಬಿಯರ್ ತಯಾರಿಸುವ ಗಿನ್ನೆಸ್ ಕಂಪನಿ ಅದೇ ವಾದ್ಯವನ್ನು 1876ರಲ್ಲೇ ವ್ಯಾಪಾರಮುದ್ರೆಯಾಗಿ ನೋಂದಾಯಿಸಿತ್ತು, ಮತ್ತು ಸರ್ಕಾರದ ಹಾರ್ಪ್ ಅದಕ್ಕೆ ವಿರುದ್ಧ ದಿಕ್ಕಿಗೆ ಮುಖ ಮಾಡಿದೆ. ಚಿತ್ರ ಬಳಸುವವರು ಒಂದರ ಬದಲು ಇನ್ನೊಂದನ್ನು ಹಾಕುವ ತಪ್ಪು ಇಲ್ಲಿ ಸುಲಭವಾಗಿ ಆಗುತ್ತದೆ.

ಪ್ರಾಣಿಯಾಗಿದ್ದರೆ, ಅದು ಬದುಕಿದೆಯೇ ಎಂದೂ ನೋಡಬೇಕು. ಮಾರಿಷಸ್ಸಿನ ಲಾಂಛನದಲ್ಲಿ ಗುರಾಣಿಯ ಒಂದು ಬದಿಗೆ ಡೋಡೊ ನಿಂತಿದೆ. 1906ರಲ್ಲಿ ಅದನ್ನು ಅಲ್ಲಿ ಸೇರಿಸುವ ಹೊತ್ತಿಗೆ ಆ ಹಕ್ಕಿ ಅಳಿದು ಇನ್ನೂರು ವರ್ಷಗಳ ಮೇಲಾಗಿತ್ತು. ಕೆನಡಾದ ಬೀವರ್ ದೇಶದ ಗುರುತಾದದ್ದು ಅದರ ತುಪ್ಪಳಕ್ಕೆ ಯುರೋಪಿನ ಟೋಪಿ ತಯಾರಕರಲ್ಲಿದ್ದ ಬೇಡಿಕೆಯಿಂದ, ಮತ್ತು ಅದೇ ಬೇಡಿಕೆ 19ನೆಯ ಶತಮಾನದ ಮಧ್ಯದ ವೇಳೆಗೆ ಅದನ್ನು ಅಳಿವಿನ ಅಂಚಿಗೆ ತಂದಿತ್ತು. ಈ ಸಂಗತಿಗಳನ್ನು ಬಿಟ್ಟು 'ಶ್ರಮಜೀವಿ ಬೀವರ್' ಎಂದಷ್ಟೇ ಬರೆಯುವುದು ಅನ್ಯಾಯವೆಂದು ನನಗೆ ಅನ್ನಿಸುತ್ತದೆ.

ಕೊನೆಗೆ, ತಿಳಿದದ್ದನ್ನು ಬರೆದಿಡುವಾಗ ನಾಲ್ಕು ವಿವರಗಳನ್ನು ಒಂದೇ ವಾಕ್ಯದಲ್ಲಿ ತರಲು ಪ್ರಯತ್ನಿಸಿ: ಗುರುತಿನ ಹೆಸರು, ಅದರ ಸ್ಥಾನಮಾನ, ಅದನ್ನು ನಿರ್ಧರಿಸಿದವರು, ವರ್ಷ. 'ಬೀವರನ್ನು ಕೆನಡಾದ ಸಂಸತ್ತು 1975ರಲ್ಲಿ ಕಾಯ್ದೆಯ ಮೂಲಕ ರಾಷ್ಟ್ರಚಿಹ್ನೆಯಾಗಿ ಅಂಗೀಕರಿಸಿತು' ಎಂಬ ಬಗೆಯ ವಾಕ್ಯದಲ್ಲಿ ಓದುಗರು ಪರಿಶೀಲಿಸಬಹುದಾದ ಸಂಗತಿಗಳಿರುತ್ತವೆ. ಕಥೆ, ಅರ್ಥ, ನಿಮ್ಮ ಅಭಿಪ್ರಾಯ ಇವೆಲ್ಲ ಅದರ ನಂತರದ ವಾಕ್ಯಗಳಲ್ಲಿ ಬರಲಿ. ದಂತಕಥೆಯಾದರೆ ದಂತಕಥೆಯೆಂದೇ ಹೇಳಿ. ಟಿಪ್ಪಣಿಯ ಕೆಳಗೆ ನೀವು ಅದನ್ನು ಪರಿಶೀಲಿಸಿದ ದಿನಾಂಕವನ್ನೂ ನಮೂದಿಸಿ. ಕಿರ್ಗಿಸ್ತಾನದ ಧ್ವಜದ ಸೂರ್ಯನಿಗೆ 1992ರಿಂದ ಬಳುಕುವ ನಲವತ್ತು ಕಿರಣಗಳಿದ್ದವು. ಅವು ಸೂರ್ಯಕಾಂತಿ ಹೂವಿನಂತೆ ಕಾಣುತ್ತವೆಂಬ ಆಕ್ಷೇಪ ಎದ್ದ ಮೇಲೆ, 2023ರ ಡಿಸೆಂಬರಿನಲ್ಲಿ ಕಾನೂನು ತಿದ್ದಿ ಅವನ್ನು ನೇರಗೊಳಿಸಿದರು. ಅದಕ್ಕಿಂತ ಮುಂಚೆ ಅಚ್ಚಾದ ಪುಸ್ತಕಗಳಲ್ಲಿ ಈಗಲೂ ಹಳೆಯ ಸೂರ್ಯನೇ ಇದ್ದಾನೆ.