ಟಿ.ವಿ. ಪರದೆಯಲ್ಲಿ ವಿಡಿಯೊದ ಅಂಚು ಕಾಣದಿದ್ದರೆ ಏನು ಮಾಡಬೇಕು?

ಕ್ಯಾಸೆಟ್ಟಿನಲ್ಲಿದ್ದ ಮದುವೆಯ ವಿಡಿಯೊವನ್ನು ಕಂಪ್ಯೂಟರಿಗೆ ಇಳಿಸಿ, ಹೆಸರುಗಳನ್ನು ಸೇರಿಸಿ ಡಿವಿಡಿ ಮಾಡಿದಾಗ, ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದ್ದ ಚಿತ್ರ ಟಿ.ವಿ.ಯಲ್ಲಿ ನಾಲ್ಕೂ ಕಡೆ ಸವೆದಂತೆ ಕಾಣುವುದುಂಟು. ಕನ್ನಡದ ಬರಹಕ್ಕೆ ಇದರಿಂದ ಹೆಚ್ಚಿನ ಪೆಟ್ಟು ಬೀಳುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಮೊದಲು ಮರೆಯಾಗುವುದು ಅವೇ. ‘ಪುಟ್ಟಮ್ಮ’ ಎಂದು ಬರೆದದ್ದು ‘ಪುಟಮ’ ಎಂದು ಓದಿಸಿಕೊಳ್ಳುತ್ತದೆ. ಇದು ಎನ್‌ಕೋಡ್ ಮಾಡಿದವರ, ಅಂದರೆ ವಿಡಿಯೊವನ್ನು ಡಿವಿಡಿಗೆ ತಕ್ಕ ಫೈಲಾಗಿ ಮಾಡಿದವರ ತಪ್ಪಲ್ಲ. ಫೈಲಿನಲ್ಲಿ ಚಿತ್ರ ಪೂರ್ತಿಯಾಗಿಯೇ ಇರುತ್ತದೆ, ಅಂಚನ್ನು ಮರೆಮಾಡುವುದು ಟಿ.ವಿ.

ಈ ರೂಢಿಗೆ ಓವರ್‌ಸ್ಕ್ಯಾನ್ ಎಂದು ಹೆಸರು. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ವಿದ್ಯುತ್ತಿನ ಏರಿಳಿತದಿಂದಲೂ ಬಿಡಿಭಾಗಗಳು ಹಳೆಯದಾಗುವುದರಿಂದಲೂ ಚಿತ್ರದ ಅಳತೆ ಹಿಗ್ಗಿ ಕುಗ್ಗುತ್ತಿದ್ದುದರಿಂದ, ಪರದೆಯ ಸುತ್ತ ಕಪ್ಪು ಪಟ್ಟಿ ಕಾಣದಿರಲೆಂದು ತಯಾರಕರು ಚಿತ್ರವನ್ನು ಚೌಕಟ್ಟಿನ ಆಚೆಗೂ ಚಾಚಿಸುತ್ತಿದ್ದರು. ಎಲ್‌ಸಿಡಿ ಪರದೆಗೆ ಇದರ ಅಗತ್ಯವೇ ಇಲ್ಲ. ಆದರೂ ಅನೇಕ ಟಿ.ವಿ.ಗಳಲ್ಲಿ ಅದು ಉಳಿದುಬಂದಿದೆ. ಪ್ರತಿ ಬದಿಯಲ್ಲಿ ಶೇ 2.5ರಷ್ಟು ಹೋದರೂ 1920×1080 ಪಿಕ್ಸೆಲ್‌ಗಳ (ಚುಕ್ಕಿಗಳ) ಚಿತ್ರದಲ್ಲಿ ಉಳಿಯುವುದು 1824×1026 ಮಾತ್ರ, ಅಂದರೆ ಹತ್ತಿರಹತ್ತಿರ ಹತ್ತನೇ ಒಂದು ಭಾಗ ನಷ್ಟ. ಉಳಿದುದನ್ನು ಎಳೆದು ಪರದೆ ತುಂಬಿಸುವುದರಿಂದ ಚಿತ್ರದ ಸ್ಪಷ್ಟತೆಯೂ ಕುಂದುತ್ತದೆ.

ಮೊದಲು ಎಷ್ಟು ಹೋಗುತ್ತಿದೆ ಎಂದು ಅಳೆಯಿರಿ. 1920×1080 ಅಳತೆಯ ಕಪ್ಪು ಚಿತ್ರವೊಂದರಲ್ಲಿ ಎಡಬಲಕ್ಕೆ 48, ಮೇಲೆ ಕೆಳಗೆ 27 ಪಿಕ್ಸೆಲ್ ಬಿಟ್ಟು ಒಂದು ಬಿಳಿ ಚೌಕಟ್ಟನ್ನೂ, 96 ಮತ್ತು 54 ಬಿಟ್ಟು ಇನ್ನೊಂದನ್ನೂ ಎಳೆದು, ಅದನ್ನು ಕೆಲವು ಸೆಕೆಂಡುಗಳ ವಿಡಿಯೊ ಮಾಡಿ ಟಿ.ವಿ.ಯಲ್ಲಿ ನೋಡಿ. ಹೊರಗಿನ ಚೌಕಟ್ಟು ಕಾಣದಿದ್ದರೆ ಶೇ 2.5ಕ್ಕಿಂತ ಹೆಚ್ಚು, ಒಳಗಿನದೂ ಕಾಣದಿದ್ದರೆ ಶೇ 5ಕ್ಕಿಂತ ಹೆಚ್ಚು ಹೋಗುತ್ತಿದೆ ಎಂದರ್ಥ.

ಬಳಿಕ ವಿಡಿಯೊವನ್ನು ಮುಟ್ಟದೆ ಟಿ.ವಿ.ಯ ಪಿಕ್ಚರ್ ಸೆಟ್ಟಿಂಗ್ ತೆರೆಯಿರಿ. ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನ ಅನೇಕ ಮಾದರಿಗಳಲ್ಲಿ ‘ಸ್ಕ್ರೀನ್ ಫಿಟ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’ ಎಂಬ ಆಯ್ಕೆ ಇದಕ್ಕಾಗಿಯೇ ಇದೆ. ಕೆಲವು ಟಿ.ವಿ.ಗಳಲ್ಲಿ ಪ್ರತಿ ಎಚ್‌ಡಿಎಂಐ ಕಿಂಡಿಗೂ ಇದನ್ನು ಬೇರೆ ಬೇರೆಯಾಗಿ ಹೊಂದಿಸಬೇಕಾಗುತ್ತದೆ.

ಆದರೆ ನಿಮ್ಮ ಡಿವಿಡಿ ಯಾರ ಮನೆಯ ಯಾವ ಟಿ.ವಿ.ಯಲ್ಲಿ ಓಡುತ್ತದೆಂದು ಹೇಳಲಾಗದು. ಆದ್ದರಿಂದ ಹೆಸರುಗಳನ್ನು ಪ್ರತಿ ಅಂಚಿನಿಂದ ಶೇ 10ರಷ್ಟು ಒಳಗೆ ಇಡಿ, ಟ್ಯೂಬ್ ಟಿ.ವಿ.ಗಳಿಗೆಂದು ಪ್ರಸಾರಕರು ಪಾಲಿಸುತ್ತಿದ್ದ ಅಳತೆ ಇದೇ. ಅಕ್ಷರದ ಪಾದವನ್ನಲ್ಲ, ಒತ್ತಕ್ಷರದ ತುದಿಯನ್ನು ಲೆಕ್ಕಕ್ಕೆ ಹಿಡಿಯಬೇಕು.

ಚಿತ್ರವನ್ನೇ ಕುಗ್ಗಿಸಿ ಸುತ್ತ ಕಪ್ಪು ಅಂಚು ಕೊಡುವುದು ಕೊನೆಯ ಉಪಾಯ. ಹಳೆಯ ಡಬ್ಬಾ ಟಿ.ವಿ.ಗೆಂದೇ ಮಾಡುವ ಪ್ರತಿಗೆ ಮಾತ್ರ ಅದನ್ನು ಬಳಸಿರಿ. 720×576ರ ಪಾಲ್ (ಭಾರತದಲ್ಲಿ ಬಳಕೆಯಲ್ಲಿದ್ದ ಟಿ.ವಿ. ಪದ್ಧತಿ) ಡಿವಿಡಿಯಲ್ಲಿ ಚಿತ್ರವನ್ನು 656×528ಕ್ಕೆ ಇಳಿಸಿ, ಎಡಬಲಕ್ಕೆ 32, ಮೇಲೆ ಕೆಳಗೆ 24 ಪಿಕ್ಸೆಲ್ ಕಪ್ಪು ಕೊಟ್ಟರೆ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ. ಕ್ಯಾಸೆಟ್ಟಿನ ಚಿತ್ರ ಇಂಟರ್‌ಲೇಸ್ ಆಗಿರುವುದರಿಂದ, ಅಂದರೆ ಸಮ ಗೆರೆಗಳದೊಂದು, ಬೆಸ ಗೆರೆಗಳದೊಂದು ಎಂದು ಎರಡು ಫೀಲ್ಡ್‌ಗಳಾಗಿ ಇರುವುದರಿಂದ, ಅವನ್ನು ಬೇರ್ಪಡಿಸದೆ ಎತ್ತರವನ್ನು ಕುಗ್ಗಿಸಬಾರದು. ಕುಗ್ಗಿಸಿದರೆ ಗೆರೆಗಳು ಒಂದರೊಳಗೊಂದು ಬೆರೆತು, ಧಾರೆ ಎರೆಯುವ ಕೈಗಳೆಲ್ಲ ಹಲ್ಲುಹಲ್ಲಾಗಿ ಕಾಣುತ್ತವೆ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಇಂಟರ್‌ಲೇಸ್‌ಗೆ ತಕ್ಕ ಸ್ಕೇಲಿಂಗ್ (ಅಳತೆ ಬದಲಿಸುವ) ಆಯ್ಕೆಯನ್ನು ತಪ್ಪದೆ ಆರಿಸಿ.

ವಿಎಚ್‌ಎಸ್ ಕ್ಯಾಸೆಟ್ಟಿನ ಚಿತ್ರದ ತೀರ ಕೆಳಗೆ ನಡುಗುವ ಪಟ್ಟಿಯೊಂದು ಕಂಡರೆ ಗಾಬರಿಪಡಬೇಕಿಲ್ಲ. ಕ್ಯಾಸೆಟ್ ಓಡಿಸುವ ವಿಸಿಆರ್‌ನಲ್ಲಿ ಟೇಪನ್ನು ಓದುವ ಹೆಡ್ ಒಂದರಿಂದ ಇನ್ನೊಂದಕ್ಕೆ ಬದಲಾಗುವ ಗುರುತು ಅದು. ಹಿಂದೆ ಓವರ್‌ಸ್ಕ್ಯಾನ್ ಅದನ್ನು ಮುಚ್ಚಿಡುತ್ತಿತ್ತು. ಆ ಕೆಲವು ಸಾಲುಗಳನ್ನು ಕತ್ತರಿಸಿ ಚಿತ್ರವನ್ನು ಎಳೆಯುವ ಬದಲು, ಅವುಗಳ ಮೇಲೆ ಕಪ್ಪು ಹಚ್ಚಿದರೆ ಸಾಕು.