ವಿಪಿಎನ್ ಆನ್ ಆಗಿತ್ತು, ಫೈರ್‌ವಾಲ್ ಒಳಗೆ ಬಿಡುತ್ತಿರಲಿಲ್ಲ

ತುಮಕೂರಿನ ನಮ್ಮ ಸಣ್ಣ ಆಫೀಸಿನಲ್ಲಿ ಲೆಕ್ಕದ ಫೈಲುಗಳೆಲ್ಲ ಒಂದೇ ವಿಂಡೋಸ್ ಕಂಪ್ಯೂಟರಿನಲ್ಲಿವೆ. ಮನೆಯಿಂದಲೂ ಕೆಲಸ ಮಾಡೋಣ ಅಂತ ದೂರದಿಂದ ಅದನ್ನು ಬಳಸಲು ಬಿಡುವ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು (ನಂಬರಿರುವ ಬಾಗಿಲು ಅನ್ನಿ) ರೂಟರಿನಲ್ಲಿ ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದೆ. ಒಂದು ದಿನ ಲಾಗ್ ತೆಗೆದು ನೋಡಿದರೆ, ಯಾರ್ಯಾರೋ ರಾತ್ರಿಯಿಡೀ ಪಾಸ್‌ವರ್ಡ್ ಊಹಿಸುತ್ತಿದ್ದಾರೆ. ಹೆದರಿಕೆಯಾಯಿತು. ಅದರಲ್ಲಿರುವುದು ಗಿರಾಕಿಗಳ ಲೆಕ್ಕ, ಅಲ್ವಾ?

ಆಫೀಸಿನಲ್ಲಿ ಸದಾ ಆನ್ ಇರುವ ಒಂದು ಉಬುಂಟು ಕಂಪ್ಯೂಟರ್ ಇತ್ತು. ಅದರಲ್ಲಿ ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಿದೆ. ವಿಪಿಎನ್ ಅಂದರೆ ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಬರಲು ಬೀಗ ಹಾಕಿದ ಖಾಸಗಿ ದಾರಿ. ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ಮೊದಲೇ ಇತ್ತು. ರೂಟರಿನಲ್ಲಿ ವೈರ್‌ಗಾರ್ಡಿನ 51820 ಯುಡಿಪಿ ಪೋರ್ಟನ್ನು ಆ ಕಂಪ್ಯೂಟರಿಗೆ ತಿರುಗಿಸಿದೆ. ಪರೀಕ್ಷೆ ಮಾಡಲು ಮನೆಗೆ ಹೋಗಬೇಕಿಲ್ಲ. ಅಲ್ಲೇ ಕೂತು ಲ್ಯಾಪ್‌ಟಾಪನ್ನು ಮೊಬೈಲಿನ ಹಾಟ್‌ಸ್ಪಾಟಿಗೆ ಸೇರಿಸಿದರೆ ಹೊರಗಿನಿಂದ ಬಂದ ಹಾಗೇ.

ಲ್ಯಾಪ್‌ಟಾಪಿನಲ್ಲಿ ಒತ್ತಿದ ಕೂಡಲೇ 'ಆಕ್ಟಿವ್' ಅಂತ ಬಂತು. ಆದರೆ ಏನೂ ತೆರೆಯಲಿಲ್ಲ. ಆ ಕಡೆಯಿಂದ ಉತ್ತರ ಬರದಿದ್ದರೂ ವೈರ್‌ಗಾರ್ಡ್ ಹಾಗೇ ತೋರಿಸುತ್ತದೆ. ನೋಡಬೇಕಾದದ್ದು ಕೊನೆಯ ಹ್ಯಾಂಡ್‌ಶೇಕ್ (ಎರಡೂ ಕಡೆಯವರು ಒಬ್ಬರನ್ನೊಬ್ಬರು ಗುರುತಿಸುವುದು) ಯಾವಾಗ ಆಯಿತು ಅನ್ನುವ ಸಾಲನ್ನು. ನನಗೆ ಆ ಸಾಲೇ ಕಾಣಲಿಲ್ಲ. ಕಳಿಸಿದ್ದು ಏರುತ್ತಿತ್ತು, ಬಂದದ್ದು ಸೊನ್ನೆ.

ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲನ್ನೇ ಆಫ್ ಮಾಡಿ ನೋಡು ಅಂತ ಗೆಳೆಯ ಹೇಳಿದ. ನನಗೆ ಮನಸ್ಸಾಗಲಿಲ್ಲ. ಹಾಗೆ ಮಾಡಿದರೆ ಕೆಲಸ ನಡೆದರೂ ಎಲ್ಲಿ ತಡೆಯಿತ್ತು ಅಂತ ಗೊತ್ತಾಗುವುದಿಲ್ಲ. ಅದರ ಬದಲು ಉಬುಂಟುವಿನಲ್ಲಿ ಟಿಸಿಪಿಡಂಪ್ ಓಡಿಸಿದೆ. ನೆಟ್‌ವರ್ಕಿನಲ್ಲಿ ಓಡಾಡುವ ಪ್ಯಾಕೆಟ್ಟುಗಳನ್ನು, ಅಂದರೆ ಡೇಟಾದ ಸಣ್ಣ ತುಂಡುಗಳನ್ನು, ತೋರಿಸುವ ಉಪಕರಣ ಅದು. ಒಳಬರುವ ಪ್ಯಾಕೆಟ್ಟುಗಳನ್ನು ಅದು ಫೈರ್‌ವಾಲಿಗಿಂತ ಮೊದಲೇ ನೋಡುತ್ತದೆ. ಪ್ಯಾಕೆಟ್ಟುಗಳು ಬರುತ್ತಿದ್ದವು! ಅಂದರೆ ರೂಟರ್ ಸರಿಯಿದೆ, ತಡೆಯುತ್ತಿರುವುದು ಇದೇ ಕಂಪ್ಯೂಟರ್. ಉಬುಂಟುವಿನ ಫೈರ್‌ವಾಲಾದ ಯುಎಫ್‌ಡಬ್ಲ್ಯೂನ ನಿಯಮ ನೋಡಿದರೆ 51820ಕ್ಕೆ ಟಿಸಿಪಿ ಅಂತ ಬರೆದಿದ್ದೆ. ಇವೆರಡೂ ಡೇಟಾ ಕಳಿಸುವ ಬೇರೆ ಬೇರೆ ವಿಧಾನಗಳು, ವೈರ್‌ಗಾರ್ಡ್ ಬಳಸುವುದು ಯುಡಿಪಿ. ಹಾಗೇ ತಿದ್ದಿದೆ. ಸ್ವಲ್ಪ ಹೊತ್ತಿಗೇ ಹ್ಯಾಂಡ್‌ಶೇಕ್ ಆಯಿತು. ವಿಪಿಎನ್ ಒಳಗೆ ಉಬುಂಟುವಿನ ವಿಳಾಸವಾದ 10.8.0.1ಕ್ಕೆ ಪಿಂಗ್ (ಉತ್ತರ ಬರುತ್ತದೆಯೇ ಅಂತ ನೋಡುವ ಪರೀಕ್ಷೆ) ಕೂಡ ಹೋಯಿತು.

ಆದರೆ ಫೈಲುಗಳಿರುವ 192.168.1.20 ಮಾತ್ರ ಉತ್ತರಿಸಲಿಲ್ಲ. ಇಲ್ಲೇ ನನಗೆ ಜಾಸ್ತಿ ಹೊತ್ತು ಹಿಡಿದದ್ದು. ಕಂಪ್ಯೂಟರಿನೊಳಗೆ ಬರುವುದಕ್ಕೆ ಒಂದು ಬಾಗಿಲು, ಅದನ್ನು ದಾಟಿ ಮುಂದಿನ ಕಂಪ್ಯೂಟರಿಗೆ ಹೋಗುವುದಕ್ಕೆ ಬೇರೆ ಬಾಗಿಲು. ಈ ಎರಡನೆಯದನ್ನು ಯುಎಫ್‌ಡಬ್ಲ್ಯೂ ತಾನಾಗಿ ಮುಚ್ಚಿಟ್ಟಿರುತ್ತದೆ. ಮೊದಲು ಲಿನಕ್ಸಿನಲ್ಲಿ ಐಪಿ ಫಾರ್ವರ್ಡಿಂಗ್ (ಬಂದ ಪ್ಯಾಕೆಟ್ಟನ್ನು ಮುಂದೆ ದಾಟಿಸುವುದು) ಆನ್ ಮಾಡಿದೆ. ಆಮೇಲೆ ವಿಪಿಎನ್ ಕಡೆಯಿಂದ ಆಫೀಸಿನ ನೆಟ್‌ವರ್ಕಿಗೆ ಹೋಗಲು ಯುಎಫ್‌ಡಬ್ಲ್ಯೂನಲ್ಲಿ ರೂಟ್ ನಿಯಮ ಸೇರಿಸಿದೆ. ಈಗ ಪ್ಯಾಕೆಟ್ಟುಗಳು ಆಚೆ ಹೊರಟವು, ಉತ್ತರ ಮಾತ್ರ ಇಲ್ಲ. ವಿಪಿಎನ್ನಿನಲ್ಲಿ ಲ್ಯಾಪ್‌ಟಾಪಿಗಿರುವ 10.8.0.2 ಅನ್ನುವ ವಿಳಾಸ ಆಫೀಸಿನ ರೂಟರಿಗೆ ಗೊತ್ತೇ ಇಲ್ಲ, ಉತ್ತರ ವಾಪಸ್ ಬರುವುದು ಹೇಗೆ? ಸಾಲದ್ದಕ್ಕೆ ವಿಂಡೋಸ್ ಫೈರ್‌ವಾಲ್ ಫೈಲ್ ಶೇರಿಂಗನ್ನು ಸಾಮಾನ್ಯವಾಗಿ ತನ್ನದೇ ಸಬ್‌ನೆಟ್ಟಿನವರಿಗೆ (ಒಂದೇ ಸಾಲಿನ ವಿಳಾಸಗಳಿರುವವರಿಗೆ) ಮಾತ್ರ ಬಿಡುತ್ತದೆ.

ಮಾಸ್ಕರೇಡ್ ಸಾಲೊಂದು ಎರಡಕ್ಕೂ ಪರಿಹಾರವಾಯಿತು. ಅದು ಇದ್ದರೆ ವಿಪಿಎನ್ನಿನಿಂದ ಬಂದದ್ದೆಲ್ಲ ಉಬುಂಟುವಿನ ಸ್ವಂತ ವಿಳಾಸದಿಂದ ಬಂದಂತೆ ಕಾಣುತ್ತದೆ. ಆ ಸಾಲನ್ನು ಸುಮ್ನೆ ಎಲ್ಲಿಂದಲೋ ನಕಲು ಮಾಡಬೇಡಿ. ಅದರಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಇಟಿಎಚ್0 ಅಂತ ಇರುತ್ತದೆ, ನನ್ನದು ಇಎನ್‌ಪಿ3ಎಸ್0. ಹೆಸರು ಸರಿಮಾಡಿ ರೀಲೋಡ್ ಮಾಡಿದೆ. ಫೋಲ್ಡರ್ ತೆರೆಯಿತು.

ಮನೆಯ ರೂಟರ್ ಕೂಡ 192.168.1 ಸಾಲಿನ ವಿಳಾಸಗಳನ್ನೇ ಕೊಡುತ್ತಿತ್ತು. ಎರಡೂ ಕಡೆ ಒಂದೇ ಇದ್ದರೆ ಲ್ಯಾಪ್‌ಟಾಪ್ ಗೊಂದಲಕ್ಕೆ ಬೀಳುತ್ತದೆ. ಅದನ್ನು 192.168.50 ಮಾಡಿದೆ. ಆ ರಾತ್ರಿ ಮನೆಯಿಂದಲೇ ವಿಪಿಎನ್ ಮೂಲಕ ಆಫೀಸಿನ ರೂಟರಿಗೆ ಲಾಗಿನ್ ಆಗಿ, 3389ರ ಸಾಲನ್ನು ಅಳಿಸಿದೆ.